ಹಿಂದಿನ ಚಕ್ರದ ಸರಸರ

ಮಾರ್ಚ್ 4, ಮಂಗಳವಾರ, ಸಂಜೆ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಪರದೆ ಮುಗೀತು. ಎರಡು ಕಿಟಕಿ, ಒಂದು ಬಾಗಿಲು. ನೆರಿಗೆ ಚೆನ್ನಾಗಿ ಕೂತಿದೆ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರೂ ಕಣ್ಣು ತಿರುಗಿಸಿ ನೋಡಿದರು.

ಬರುವಾಗ ಕಾರಿನಲ್ಲಿ ಮತ್ತೆ ಅದೇ ಸದ್ದು. ಆಸ್ಪತ್ರೆ ಕಾಂಪೌಂಡಿನ ಉದ್ದಕ್ಕೂ. ಕಿಟಕಿ ಇಳಿಸಿದ್ದೆ, ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಸರ್... ಸರ್... ಸರ್... ದಪ್ಪ ಬಟ್ಟೆಯನ್ನು ಮೇಜಿನ ಅಂಚಿನ ಮೇಲೆ ಎಳೆದ ಹಾಗೆ. ಹಿಂದಿನಿಂದ. ನಿಧಾನ ಮಾಡಿದರೆ ಸದ್ದೂ ನಿಧಾನ, ಜೋರು ಮಾಡಿದರೆ ಅದೂ ಜೋರು. ನ್ಯೂಟ್ರಲ್ಲಿಗೆ ಹಾಕಿ ಸುಮ್ಮನೆ ಬಿಟ್ಟು ನೋಡಿದೆ — ಆಗಲೂ ಇತ್ತು. ಅಂದರೆ ಇಂಜಿನ್ ಅಲ್ಲ, ಚಕ್ರ. ಹೊಲಿಗೆ ಮೆಷಿನ್ನಿನ ಮುಂದೆ ಆಯಸ್ಸು ಕಳೆದವಳು ನಾನು. ಯಾವುದು ತಿರುಗುವ ಸದ್ದು, ಯಾವುದು ಉಜ್ಜುವ ಸದ್ದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಕೇಳಿಸ್ತಾ ರೀ?" ಅಂದೆ.

"ಹೂಂ, ಏನೋ ಇದೆ" ಅಂದರು ಇವರು. ಈ ಮನುಷ್ಯ ನನ್ನ ಮಾತಿಗೆ ಹೂಂ ಅನ್ನದೇ ಇದ್ದದ್ದು ಮದುವೆ ದಿನ ಮಾತ್ರ. ಅವತ್ತು ಗಂಟಲು ಕಟ್ಟಿತ್ತು.

ಸರ್ವೀಸು ಆಗಿ ತಿಂಗಳಾಗಿಲ್ಲ. ಅದಾದ ಮೇಲೇ ಶುರುವಾಗಿದ್ದು. ಗ್ಯಾರೇಜಿಗೆ ಹೋಗಬೇಕು.

ಮಾರ್ಚ್ 6, ಗುರುವಾರ

ಹೋದೆ. ಒಬ್ಬಳೇ. ಇವರು ಸಮುದಾಯ ಭವನದ ಹಾಲ್‌ನವರ ಪರದೆ ಬಟ್ಟೆಗೆ ಗುರುತು ಹಾಕುತ್ತಾ ಅಂಗಡಿಯಲ್ಲೇ ಉಳಿದರು.

ಮೆಕ್ಯಾನಿಕ್ಕಿಗೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಏನಿಲ್ಲಪ್ಪ. ಬಾನೆಟ್ಟಿನಿಂದ ಹೊಗೆ ಬರುತ್ತಿದ್ದರೂ ಅವನ ಬಾಯಿಂದ ಮೊದಲು ಬರುವುದು "ಏನಿಲ್ಲ ಅಕ್ಕ". ಕೆಲಸ ಮಾತ್ರ ಚೊಕ್ಕ. ಅದಕ್ಕೇ ಸಹಿಸಿಕೊಂಡಿದ್ದೇನೆ.

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೋಡೌನ್ ರಸ್ತೆಯಲ್ಲಿ ಎರಡು ಸುತ್ತು ಹೊಡೆದೆ. ಎರಡೂ ಕಡೆ ಎತ್ತರದ ಗೋಡೆ, ಗುಂಡುಸೂಜಿ ಬಿದ್ದರೂ ಕೇಳಬೇಕು. ಸದ್ದಿಲ್ಲ. ಮನೆಯಲ್ಲಿ ರಂಪ ಮಾಡಿದ ಮಗು ಡಾಕ್ಟರ ಮುಂದೆ ನಗುತ್ತಾ ಕೂತ ಹಾಗೆ. ನನಗೆ ನಾಚಿಕೆ, ಆಮೇಲೆ ಸಿಟ್ಟು.

ಆದರೂ ಹಿಂದಿನ ಎರಡೂ ಚಕ್ರ ಬಿಚ್ಚಿಸಿದೆ. ಡ್ರಮ್ಮಿನೊಳಗೆ ಬ್ರೇಕ್ ಶೂ — ಹೊರಕ್ಕೆ ಒತ್ತಿ ಚಕ್ರ ಹಿಡಿಯುವ ಎರಡು ಬಾಗಿದ ಪಟ್ಟಿ — ಸವೆದಿಲ್ಲ, ಬಿರುಕಿಲ್ಲ. ಧೂಳು ಒರೆಸಿದ. ಚಕ್ರ ಹಿಡಿದು ಅಲ್ಲಾಡಿಸಿದ, ಬೇರಿಂಗೂ ಗಟ್ಟಿ. ಹೋದ ತಿಂಗಳು ಏನೇನು ಮಾಡಿದೆ ಅಂತ ವಿಚಾರಿಸಿದೆ. ಆಯಿಲ್, ಫಿಲ್ಟರ್ ಬದಲಾಯಿಸಿದ್ದಾನೆ. ಹ್ಯಾಂಡ್‌ಬ್ರೇಕ್ ಎಳೆದರೆ ಆಕಾಶಕ್ಕೆ ಹೋಗುತ್ತಿತ್ತು, ಬಿಗಿ ಮಾಡಿದ್ದಾನೆ. ಅಷ್ಟೇ. ಕಾರು ಹಳೆಯದಾಯಿತು ಅಕ್ಕ, ಸ್ವಲ್ಪ ಮಾತಾಡುತ್ತೆ ಅಂದ. ಮಾತಾಡಲಿ, ಬೇಡ ಅಂದವರು ಯಾರು. ಏನು ಹೇಳುತ್ತಿದೆ ಅಂತ ನನಗೆ ಗೊತ್ತಾಗಬೇಕು.

ಮನೆಗೆ ಬರುವಾಗಲೂ ಸದ್ದಿಲ್ಲ. ಹಾಳಾದದ್ದು.

ಮಾರ್ಚ್ 9, ಭಾನುವಾರ

ಮಗಳು ಬಂದಿದ್ದಳು. ಬಾಗಿಲು ದಾಟುವ ಮೊದಲೇ ಬಂಪರ್ ಮೇಲಿನ ಗೀರು ಅವಳ ಕಣ್ಣಿಗೆ ಬಿತ್ತು. ಗೇಟಿನ ಕಂಬಕ್ಕೆ ಸವರಿದ್ದು ನಾನೇ, ಹಾಲಿನ ವ್ಯಾನಿಗೆ ದಾರಿ ಬಿಡಲು ಹೋಗಿ. ಬಾಯಿ ಬಿಟ್ಟು ಹೇಳಿದೆ. ಅವಳು ಗೀರಿನ ಉದ್ದಕ್ಕೂ ಬೆರಳು ಎಳೆದಳು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಸದ್ದಿನ ವಿಷಯ ನಾನೇ ಎತ್ತಿದೆ, ಬುದ್ಧಿಯಿಲ್ಲದೆ. ಸರಿ, ನಾನು ಓಡಿಸಿ ನೋಡ್ತೀನಿ ಅಂತ ಕೀ ತೆಗೆದುಕೊಂಡಳು. ನಾನು ಪಕ್ಕದಲ್ಲಿ. ಇವರು ಹಿಂದೆ, ಪರದೆ ರಾಡುಗಳ ಪಕ್ಕ ಮುದುಡಿಕೊಂಡು. ಆಸ್ಪತ್ರೆ ಕಾಂಪೌಂಡು, ಗೋಡೌನ್ ರಸ್ತೆ, ಕೆರೆ ಏರಿ, ಎಲ್ಲಾ ಸುತ್ತಿದೆವು. ಒಂದು ಚೂರು ಸದ್ದಿಲ್ಲ. ಕಾರು ಹೊಸ ಸೊಸೆ ಹಾಗೆ ತೆಪ್ಪಗೆ ಹೋಯಿತು.

ಮನೆಗೆ ಬಂದು ಟೀ ಕುಡಿಯುವಾಗ ಅವಳು ಮೆಲ್ಲಗೆ ಹೇಳಿದಳು.

"ಅಮ್ಮಾ, ನಿನಗೊಬ್ಬಳಿಗೇ ಕೇಳೋ ಸದ್ದು ಅಂದ್ರೆ ನಂಗೆ ಭಯ ಆಗುತ್ತೆ."

ಅಪ್ಪನಿಗೂ ಕೇಳಿಸಿದೆ, ಕೇಳಿ ನೋಡು ಅಂದೆ.

"ಅಪ್ಪ ನಿನ್ನ ಮಾತಿಗೆ ಯಾವತ್ತು ಇಲ್ಲ ಅಂದಿದಾರೆ?"

ಇವರು ಅದಕ್ಕೂ "ಹೂಂ" ಅಂದರು.

ಆಮೇಲೆ ನಿಜವಾದ ವಿಷಯ ಹೊರಬಂತು. ಅವಳ ಆಫೀಸಿನ ಸಹೋದ್ಯೋಗಿ ಒಬ್ಬ ಹೆಂಡತಿಗೆ ಸಣ್ಣ ಕಾರು ಹುಡುಕುತ್ತಿದ್ದಾನಂತೆ. ಇಪ್ಪತ್ತೆರಡಕ್ಕೆ, ಶನಿವಾರ ಮಧ್ಯಾಹ್ನ, ನೋಡಲು ಬರುತ್ತಾನಂತೆ. ನಮ್ಮನ್ನು ಕೇಳದೆ ಎಲ್ಲಾ ಗೊತ್ತು ಮಾಡಿದ್ದಾಳೆ. ಕಣ್ಣು, ಕಿವಿ, ಒಂದು ಕಾರಿಗೆ ಇಬ್ಬರು ಡ್ರೈವರ್ರು... ಎಲ್ಲಾ ಲೆಕ್ಕಕ್ಕೆ ತಂದಳು. ಕೊನೆಯದು ಹ್ಯಾಂಡ್‌ಬ್ರೇಕಿನ ವಿಷಯ. ನಾನು ಕಾರು ನಿಲ್ಲಿಸಿದರೆ ಇವರು ಎಳೆಯುತ್ತಾರೆ, ನಾನು ಹೊರಟರೆ ಇವರು ಇಳಿಸುತ್ತಾರೆ. ನಾನು ಡ್ರೈವಿಂಗ್ ಕಲಿತ ವರ್ಷ ಏರಿನಲ್ಲಿ ಕಾರು ಹಿಂದಕ್ಕೆ ಜಾರಿತು, ಇವರು ಪಕ್ಕದಿಂದ ಕೈ ಹಾಕಿ ಎಳೆದು ಉಳಿಸಿದರು. ಅವತ್ತು ಸಿಕ್ಕಿದ ಖಾತೆ, ಮೂವತ್ತು ಚಿಲ್ಲರೆ ವರ್ಷದಿಂದ ಬಿಟ್ಟುಕೊಟ್ಟಿಲ್ಲ. ಇವರಿಗೆ ಡ್ರೈವಿಂಗ್ ಬರುವುದಿಲ್ಲ. ಒಮ್ಮೆ ಕಲಿಯಲು ಹೋಗಿ ಕಲಿಸುವವನನ್ನೇ ಅಳಿಸಿ ಬಂದರು. ನಾನು "ಹ್ಯಾಂಡ್‌ಬ್ರೇಕ್ ಮಂತ್ರಿಗಳು" ಅಂತಲೇ ಕರೆಯುವುದು. ಬ್ರೇಕ್ ಎಳೆದಿದ್ದರೆ ಹತ್ತಬೇಕಾದ ದೀಪ ಕೆಟ್ಟು ಎಷ್ಟೋ ಕಾಲವಾಯಿತು, ಯಾರೂ ಸರಿ ಮಾಡಿಸಲಿಲ್ಲ. ಖುದ್ದು ಮಂತ್ರಿಯೇ ಪಕ್ಕದಲ್ಲಿ ಕೂತಿರುವಾಗ ದೀಪ ಯಾಕೆ?

ಕಾರು ಹೋದರೆ ಅಂಗಡಿ ಹೋಯಿತು. ಆರಡಿ ರಾಡು ಹಿಡಿದುಕೊಂಡು ಬಸ್ಸು ಹತ್ತಲು ಆಗುತ್ತಾ? ಮನೆ ಮನೆಗೆ ಹೋಗಿ ಕಿಟಕಿ ಅಳೆದು, ಹೊಲಿದು, ಮತ್ತೆ ಹೋಗಿ ತೂಗುಹಾಕಿ ಬರುವ ಕೆಲಸ ಇದು. ರೆಸ್ಟ್ ತಗೊಳ್ಳಿ ಅಂದಳು. ರೆಸ್ಟ್ ಅಂತೆ. ನನಗೆ ಅಳು ಬಂತು, ತಡೆದುಕೊಂಡೆ.

"ಆ ಸದ್ದು ಏನು ಅಂತ ಕಂಡುಹಿಡಿದು ನಿನ್ನ ಕಿವಿಗೇ ಕೇಳಿಸಿದ್ರೆ?" ಅಂದೆ.

ಟೀ ಲೋಟ ಕೆಳಗಿಟ್ಟಳು. "ಕೇಳಿಸು. ಆಮೇಲೆ ಕಾರಿನ ಮಾತು ಎತ್ತಲ್ಲ."

ನನ್ನ ಮಗಳು. ಕೊಟ್ಟ ಮಾತು ತಪ್ಪುವವಳಲ್ಲ.

ಮಾರ್ಚ್ 11, ಮಂಗಳವಾರ

ಕಿವಿ ಡಾಕ್ಟರ ಹತ್ತಿರ ಹೋಗಿ ಬಂದೆ. ಮೊದಲು ನನ್ನ ಕಡೆ ತಪ್ಪಿಲ್ಲ ಅಂತ ಖಾತ್ರಿಯಾಗಬೇಕು. ಗಾಜಿನ ಡಬ್ಬದಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೀಂ ಅಂದಾಗ ಬಟನ್ ಒತ್ತಿ ಅಂದರು. ಒತ್ತಿದೆ. ಅರ್ಧ ವಯಸ್ಸಿನವರ ಕಿವಿ ನಿಮ್ಮದು ಅಂದರು. ಅದನ್ನೇ ಬರೆದು ಸಹಿ ಹಾಕಿ ಕೊಡಿ ಅಂದೆ. ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಮಾರ್ಚ್ 12, ಬುಧವಾರ

ಇವತ್ತು ಹೊಲಿಗೆಗೆ ರಜೆ. ಪ್ರಯೋಗ.

ಬೆಳಿಗ್ಗೆ ಒಬ್ಬಳೇ ಗೋಡೌನ್ ರಸ್ತೆಗೆ. ಸದ್ದಿಲ್ಲ. ವಾಪಸ್ ಬಂದು ಇವರನ್ನು ಹತ್ತಿಸಿಕೊಂಡು ಅದೇ ರಸ್ತೆಗೆ. ಬಂತು. ಸರ್... ಸರ್... ಇವರನ್ನು ಅಲ್ಲೇ ಇಳಿಸಿ, ಒಬ್ಬಳೇ ಆ ತುದಿವರೆಗೆ ಹೋಗಿ ಬಂದೆ. ಇಲ್ಲ. ಮತ್ತೆ ಹತ್ತಿಸಿದೆ. ಬಂತು.

"ತೊಂದರೆ ನೀವೇ ಕಣ್ರೀ" ಅಂದೆ. ಹೂಂ ಅಂದರು, ಆಮೇಲೆ ಯೋಚನೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡು ಕೂತರು. ಮಧ್ಯಾಹ್ನ ಊಟಕ್ಕೆ ಎರಡನೇ ಸಲ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ. ಪಾಪ ಅನ್ನಿಸಿತು.

ಭಾರಕ್ಕೆ ಹಿಂದೆ ಏನೋ ತಗುಲುತ್ತಿರಬಹುದು ಅಂತ ನನ್ನ ಲೆಕ್ಕ. ಸಂಜೆ ಇವರಷ್ಟು ತೂಕದ ಬಟ್ಟೆ ಥಾನುಗಳನ್ನು ಇವರ ಸೀಟಿಗೆ ಹೇರಿ, ಬೆಲ್ಟು ಕಟ್ಟಿ, ಹೊರಟೆ. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸು ಬಗ್ಗಿ ನೋಡಿದ. ನಾನು ಗಂಭೀರವಾಗಿ ಮುಂದೆ ನೋಡಿದೆ.

ಸದ್ದಿಲ್ಲ.

ಅಂದರೆ ಗಂಡನ ತೂಕದ ಬಟ್ಟೆ ಕೂತರೆ ಇಲ್ಲ. ಗಂಡ ಕೂತರೆ ಇದೆ. ಕಾರಿಗೆ ನನ್ನ ಗಂಡನ ಮೇಲೆ ಏನೋ ದ್ವೇಷ.

ಮಾರ್ಚ್ 13, ಗುರುವಾರ

ಒಂದು ಗೆಲುವು. ಸಣ್ಣದು, ಆದರೂ ಬರೆದಿಡಬೇಕು.

ಇವರ ಜೊತೆ ಲೈಬ್ರರಿ ಕಿಟಕಿ ಅಳೆದು ಬಂದೆ. ದಾರಿಯುದ್ದಕ್ಕೂ ಸದ್ದು. ಇಳಿದ ಕೂಡಲೇ ಒದ್ದೆ ಬೆರಳಿನಿಂದ ನಾಲ್ಕೂ ಚಕ್ರ ಮುಟ್ಟಿದೆ. ಮುಂದಿನವು ಬೆಚ್ಚಗೆ. ಹಿಂದಿನವು ಸುಟ್ಟವು, ಕೈ ಝಾಡಿಸಿದೆ. ಎರಡೂ ಕಡೆ. ಯಾವಾಗಲೂ ಹೆಚ್ಚು ಬಿಸಿಯಾಗುವುದು ಮುಂದಿನವು, ಇದು ತಿರುವುಮುರುವು. ಒಳಗೆ ಬ್ರೇಕ್ ಹಿಡಿದುಕೊಂಡೇ ಚಕ್ರ ತಿರುಗುತ್ತಿದೆ. ಇದು ಕಿವಿಯ ಭ್ರಮೆ ಅಲ್ಲ, ಬೆರಳಿಗೆ ಬೊಬ್ಬೆ ಬಂದಿದೆ.

ಏನಿಲ್ಲಪ್ಪನಿಗೆ ಫೋನು ಮಾಡಿದೆ. ಮೊದಲ ಸಲ ಏನಿಲ್ಲ ಅನ್ನಲಿಲ್ಲ. ತಡೆದು ತಡೆದು ಕೇಳಿದ, "ಅಕ್ಕ, ಬೇಜಾರು ಮಾಡ್ಕೋಬೇಡಿ... ಹ್ಯಾಂಡ್‌ಬ್ರೇಕ್ ಎಳೆದೇ ಓಡಿಸ್ತಿಲ್ಲ ತಾನೇ?"

ಮೈಯೆಲ್ಲಾ ಉರಿಯಿತು. ನಿನ್ನೆ ಮೊನ್ನೆ ಸ್ಟೇರಿಂಗ್ ಹಿಡಿದವಳೇನೋ ನಾನು ಅಂದೆ. ನಮ್ಮ ಕಾರಿನಲ್ಲಿ ಅದಕ್ಕೇ ಅಂತ ಒಬ್ಬರಿದ್ದಾರೆ, ಈವರೆಗೆ ಒಂದು ದಿನ ತಪ್ಪಿಲ್ಲ ಅಂದೆ. ಫೋನು ಇಟ್ಟೆ.

ಮಾರ್ಚ್ 18, ಮಂಗಳವಾರ

ಬರೆಯಲು ಮನಸ್ಸಿರಲಿಲ್ಲ.

ಹಾಲ್‌ನವರ ದೊಡ್ಡ ಪರದೆ ಹಾಳಾಯಿತು. ಇವರ ಕತ್ತರಿ ಗುರುತು ಬಿಟ್ಟು ಓರೆ ಹೋಗಿದೆ. ತೂಗುಹಾಕಿ ನೋಡಿದರೆ ಒಂದು ಕಡೆ ನೆಲ ಗುಡಿಸುತ್ತೆ, ಇನ್ನೊಂದು ಕಡೆ ಗೇಣು ಮೇಲೆ. ಕಣ್ಣು ಮುಚ್ಚಿ ಕತ್ತರಿಸಿದರೂ ನೇರ ಬರುವ ಕೈ ಅದು. ಬಟ್ಟೆ ಜಾರುತ್ತೆ, ಈಗಿನ ಬಟ್ಟೆಯೇ ಹೀಗೆ ಅಂದರು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಅಂತ ನಾನು ಅಂದುಬಿಟ್ಟೆ. ಅನ್ನಬಾರದಿತ್ತು. ಹೂಂ ಅನ್ನಲಿಲ್ಲ. ಎದ್ದು ಹೊರಗೆ ಹೋದರು.

ಮಗಳು ಫೋನು ಮಾಡಿದ್ದಳು. ಶನಿವಾರ ಅವನು ಬರುವುದು ನಿಜವಂತೆ. ಅದಕ್ಕೆ ಮೊದಲೇ ತಾನು ಬೆಳಿಗ್ಗೆ ಬರುತ್ತಾಳಂತೆ. ಕಾರು ತೊಳೆಸಿಡು ಅಮ್ಮಾ ಅಂದಳು.

ತೊಳೆಸುವುದಿಲ್ಲ.

ಮಾರ್ಚ್ 20, ಗುರುವಾರ, ಮಧ್ಯಾಹ್ನ

ಸಿಕ್ಕಿತು.

ಸಿಕ್ಕಿತು ಸಿಕ್ಕಿತು ಸಿಕ್ಕಿತು. ಅಕ್ಷರ ಓಡುತ್ತಿವೆ. ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಲೈಬ್ರರಿ ಪರದೆಗೆ ನೆರಿಗೆ ಹಿಡಿಯುತ್ತಾ ಕೂತಿದ್ದೆ. ನೆರಿಗೆ ಹಿಡಿಯುವಾಗ ತಲೆ ತನ್ನ ಪಾಡಿಗೆ ಓಡುತ್ತೆ. ಆವತ್ತು ಭಾನುವಾರ ಮಗಳು ಓಡಿಸಿದಾಗ ಸದ್ದಿರಲಿಲ್ಲ. ಆದರೆ ಇವರು ಕಾರಿನಲ್ಲೇ ಇದ್ದರು. ಹಿಂದಿನ ಸೀಟಿನಲ್ಲಿ. ಹಿಂದಿನ ಚಕ್ರದ ನೆತ್ತಿಯ ಮೇಲೆ ಕೂತಾಗ ಇಲ್ಲದ್ದು ಮುಂದೆ ಕೂತರೆ ಯಾಕೆ ಬರಬೇಕು? ಅಂದರೆ ಭಾರ ಅಲ್ಲ. ಮುಂದೆ ಕೂತು ಇವರು ಏನೋ ಮಾಡುತ್ತಾರೆ, ಹಿಂದೆ ಕೂತಾಗ ಮಾಡುವುದಿಲ್ಲ. ಏನು ಮಾಡುತ್ತಾರೆ ನನ್ನ ಗಂಡ, ಕಾರಿನ ಮುಂದಿನ ಸೀಟಿನಲ್ಲಿ? ಹೂಂ ಅನ್ನುತ್ತಾರೆ. ಅದನ್ನು ಹಿಂದೆ ಕೂತೂ ಅನ್ನುತ್ತಾರೆ.

ಸೂಜಿ ಕೈಯಲ್ಲೇ ನಿಂತಿತು. ಮಂತ್ರಿಗಳು.

ಏನೂ ಹೇಳಲಿಲ್ಲ. ಲೈನಿಂಗ್ ಬಟ್ಟೆ ತರಬೇಕು ಬನ್ನಿ ಅಂದೆ. ಹತ್ತಿದರು, ಹ್ಯಾಂಡ್‌ಬ್ರೇಕ್ ಇಳಿಸಿದರು, ಹೊರಟೆವು. ಸರ್... ಸರ್... ನನ್ನ ಎದೆಯೂ ಅದರ ಜೊತೆಗೇ. ಬಟ್ಟೆ ಅಂಗಡಿಯ ಮುಂದೆ ಸಪಾಟು ಜಾಗ. ಹ್ಯಾಂಡ್‌ಬ್ರೇಕ್ ಎಳೀಬೇಡಿ, ಬೇಗ ಇಳಿದು ತನ್ನಿ, ಪಾರ್ಕಿಂಗ್ ಇಲ್ಲ ಇಲ್ಲಿ ಅಂತ ಅವಸರ ಮಾಡಿದೆ. ಇಳಿದು ಹೋದರು. ಲಿವರ್ ನೋಡಿದೆ. ಇಳಿದಿತ್ತು. ನೋಡಿದರೆ ಇಳಿದೇ ಇತ್ತು, ಯಾರಾದರೂ ಹಾಗೇ ಹೇಳುತ್ತಾರೆ. ತುದಿಯ ಬಟನ್ ಒತ್ತಿ ಕೆಳಗೆ ತಳ್ಳಿದೆ.

ಟಕ್.

ಒಂದೇ ಒಂದು ಹಲ್ಲು, ಲಿವರ್ ಕಚ್ಚಿ ನಿಲ್ಲುವ ಹಲ್ಲುಪಟ್ಟಿಯದು. ಒಂದು ಹಲ್ಲು ಮೇಲೆ ನಿಂತಿತ್ತು. ಮುಂಚೆ ಹ್ಯಾಂಡ್‌ಬ್ರೇಕ್ ಸಡಿಲ ಇದ್ದಾಗ ಒಂದು ಹಲ್ಲು ನಿಂತರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಏನಿಲ್ಲಪ್ಪ ಬಿಗಿ ಮಾಡಿದ ಮೇಲೆ ಆ ಒಂದು ಹಲ್ಲು ಸಾಕು, ಶೂ ಹೋಗಿ ಡ್ರಮ್ಮಿಗೆ ತಾಗುತ್ತೆ. ನಾನು ಒಬ್ಬಳೇ ಇದ್ದಾಗ ನಾನೇ ಪೂರ್ತಿ ಇಳಿಸುತ್ತೇನೆ, ಸದ್ದಿಲ್ಲ. ಮಗಳು ಓಡಿಸಿದಾಗ ಅವಳೇ ಇಳಿಸಿದಳು, ಸದ್ದಿಲ್ಲ. ಬಟ್ಟೆ ಮೂಟೆಗೆ ಕೈಯಿಲ್ಲ, ಸದ್ದಿಲ್ಲ.

ಇವರು ಅಂಗಡಿಯಲ್ಲಿ ಇರುವಾಗಲೇ ಬ್ಲಾಕಿಗೆ ಒಂದು ಸುತ್ತು ಹೊಡೆದೆ. ನಿಶ್ಶಬ್ದ. ಕಿಟಕಿಯೆಲ್ಲಾ ಇಳಿಸಿ, ಗೋಡೆಗೆ ಅಂಟಿಕೊಂಡ ಹಾಗೆ ಹೋದೆ. ನಿಶ್ಶಬ್ದ. ಕಾರಿನೊಳಗೆ ಒಬ್ಬಳೇ ಜೋರಾಗಿ ನಕ್ಕೆ, ಸ್ಟೇರಿಂಗಿಗೆ ಒಂದು ಗುದ್ದು ಕೊಟ್ಟೆ. ಹಾರ್ನ್ ಬಡಿಯಿತು, ಒಬ್ಬ ಸೈಕಲ್ಲಿನವನು ಬೈದ. ಬೈಯಲಿ ಮಹರಾಯ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದ್ದೇನೆ, ಆದರೆ ಹುಡುಕಿದವಳು ನಾನು, ಸಿಕ್ಕಿದ್ದು ನನಗೆ.

ಅದೇ ದಿನ, ಸಂಜೆ

ಯಾಕೆ ಒಂದು ಹಲ್ಲು ನಿಲ್ಲುತ್ತೆ ಅನ್ನುವುದು ಆಗ ಹೊಳೆಯಲಿಲ್ಲ. ಸಂತೋಷದಲ್ಲಿ ಕುರುಡಾಗಿದ್ದೆ.

ಸಂಜೆ ಸಕ್ಕರೆ ಡಬ್ಬಿ ಮುಚ್ಚಳ ತೆಗೆಯಿರಿ ಅಂತ ಕೊಟ್ಟೆ. ಟವಲು ಸುತ್ತಿ, ಮೊಣಕಾಲ ಮಧ್ಯೆ ಇಟ್ಟುಕೊಂಡು, ಎಡಗೈಯಲ್ಲಿ ತಿರುಗಿಸಿದರು. ಎಡಗೈ. ನೋಡುತ್ತಾ ನಿಂತೆ. ಎಷ್ಟು ದಿನದಿಂದ ಗುಂಡಿ ಇಲ್ಲದ ಬನಿಯನ್ ಅಂಗಿಗಳನ್ನೇ ಹಾಕುತ್ತಿದ್ದಾರೆ. ಸೆಖೆ ಅಂದಿದ್ದರು. ಕತ್ತರಿ ಓರೆ ಹೋಗಿದ್ದು. ಬಟ್ಟೆ ಜಾರುತ್ತೆ ಅಂದಿದ್ದು. ಕತ್ತರಿಗೆ ಬಲ ಕೊಡುವುದೂ ಹೆಬ್ಬೆರಳು, ಬಟನ್ ಒತ್ತುವುದೂ ಹೆಬ್ಬೆರಳು.

ನೋವಿದೆ. ನನಗೆ ಹೇಳಿಲ್ಲ. ಹೇಳಿದರೆ ಮಗಳಿಗೆ ಗೊತ್ತಾಗುತ್ತೆ, ಮಗಳಿಗೆ ಗೊತ್ತಾದರೆ ಅಂಗಡಿ ಮುಚ್ಚಿಸುತ್ತಾಳೆ ಅಂತ ಹೆದರಿದ್ದಾರೆ. ಕುಣಿಯಲು ಬಾರದವಳ ಗಾದೆ ಹೇಳಿದೆನಲ್ಲ ನಾನು, ಈ ಮನುಷ್ಯನಿಗೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಈಗ ಏನು ಮಾಡಲಿ? ಸದ್ದು ಕೇಳಿಸಬೇಕು, ಕಾರಣ ಹೇಳಬೇಕು, ಆಗ ಕಾರು ಉಳಿಯುತ್ತೆ. ಕಾರಣ ಹೇಳಿದರೆ ಇವರ ಕೈ ಬಯಲಿಗೆ ಬರುತ್ತೆ. ಅತ್ತ ದರಿ, ಇತ್ತ ಪುಲಿ. ನೇರ ಇವರನ್ನೇ ಕೇಳೋಣ ಅಂತ ಎರಡು ಸಲ ಬಾಯಿ ತೆರೆದೆ. ಇವರು ಪೇಪರಿನ ಹಿಂದೆ ಮುಖ ಇಟ್ಟುಕೊಂಡಿದ್ದರು.

ಬಟನ್ನಿನ ಸ್ಪ್ರಿಂಗ್ ಕೆಟ್ಟಿದೆ ಅಂತ ಹೇಳುತ್ತೇನೆ. ಪೂರ್ತಿ ಸುಳ್ಳೂ ಅಲ್ಲ, ಗಟ್ಟಿಯಾಗಿದೆ ಅದು.

ಮಾರ್ಚ್ 22, ಶನಿವಾರ, ಮಧ್ಯಾಹ್ನ ಊಟವಾದ ಮೇಲೆ

ಬರೆದಿಡುತ್ತೇನೆ, ಒಂದು ಮಾತೂ ಬಿಡದೆ.

ಮಗಳು ಬೆಳಿಗ್ಗೆ ಬಂದಳು. ನೀನು ಹಿಂದೆ ಕೂರು, ಕಿಟಕಿ ಇಳಿಸು, ಮಾತಾಡಬೇಡ ಅಂದೆ. ನಾನು ಸ್ಟೇರಿಂಗು, ಇವರು ಪಕ್ಕ. ಕಾರು ಸ್ಟಾರ್ಟ್ ಮಾಡಿದೆ. ಇವರು ಹ್ಯಾಂಡ್‌ಬ್ರೇಕ್ ಇಳಿಸಿದರು. ಅವರ ಕೈಯ ಕಡೆ ನೋಡಲಿಲ್ಲ, ಬೇಕಂತಲೇ.

ಗೋಡೌನ್ ರಸ್ತೆ. ಸರ್... ಸರ್... ಸರ್... ಇಷ್ಟು ಚೆನ್ನಾಗಿ ಅದು ಯಾವತ್ತೂ ಹಾಡಿರಲಿಲ್ಲ. ಕನ್ನಡಿಯಲ್ಲಿ ಮಗಳ ಮುಖ ನೋಡಿದೆ. ಕತ್ತು ಕಿಟಕಿಯ ಹೊರಗೆ ಹೋಗಿತ್ತು.

"ಅಮ್ಮಾ. ಇದೇನಾ?"

"ಇದೇ."

"ಇದು... ಜೋರಾಗೇ ಇದೆಯಲ್ಲ. ಆವತ್ತು ಯಾಕೆ ಇರಲಿಲ್ಲ?"

ನನ್ನ ಸ್ಪ್ರಿಂಗಿನ ಕಥೆ ನಾಲಿಗೆ ತುದಿಯಲ್ಲಿತ್ತು. ಹ್ಯಾಂಡ್‌ಬ್ರೇಕ್ ಬಟನ್ನಿನ ಸ್ಪ್ರಿಂಗು... ಅಂತ ಶುರು ಮಾಡಿದೆ. ಇವರು ಮಧ್ಯೆ ಬಾಯಿ ಹಾಕಿದರು. ನನ್ನ ಮಾತಿಗೆ ಅಡ್ಡ ಬಂದಿದ್ದು ಇದೇ ಮೊದಲು.

"ಸ್ಪ್ರಿಂಗಲ್ಲ. ನನ್ನ ಹೆಬ್ಬೆರಳು. ಪೂರ್ತಿ ಒತ್ತೋಕೆ ಆಗ್ತಿಲ್ಲ, ಒಂದು ಹಲ್ಲು ಮೇಲೇ ನಿಂತುಬಿಡುತ್ತೆ. ನಿಮ್ಮಮ್ಮನ ಕಿವಿಗೆ ಏನೂ ಆಗಿಲ್ಲ. ಕಾರಿಗೂ ಏನೂ ಆಗಿಲ್ಲ."

ಗುರುವಾರ ಬಟ್ಟೆ ಅಂಗಡಿಯ ಗಾಜಿನ ಹಿಂದಿನಿಂದ ನೋಡಿದ್ದಾರೆ. ನಾನು ಬಗ್ಗಿ ಲಿವರ್ ತಳ್ಳಿದ್ದು, ಬ್ಲಾಕಿಗೆ ಸುತ್ತು ಹೊಡೆದದ್ದು, ಹುಚ್ಚಿಯ ಹಾಗೆ ನಕ್ಕಿದ್ದು, ಎಲ್ಲಾ. ಎರಡು ದಿನದಿಂದ ಗೊತ್ತಿತ್ತು ಇವರಿಗೆ. ನಾನು ಅವರಿಂದ ಬಚ್ಚಿಡುತ್ತಿದ್ದೆ, ಅವರು ನನ್ನಿಂದ.

ನಿಧಾನವಾಗಿ ಕಾರು ಹೋಗುತ್ತಲೇ ಇತ್ತು. "ಒತ್ತಿ" ಅಂದೆ. ಬಲಗೈ ಹೆಬ್ಬೆರಳು ಇಟ್ಟರು. ಅದರ ಮೇಲೆ ನಾನು ನನ್ನದಿಟ್ಟೆ. ಇಬ್ಬರೂ ಒತ್ತಿದೆವು. ಟಕ್. ಸದ್ದು ನಿಂತಿತು. ಕತ್ತರಿಯಿಂದ ದಾರ ಕತ್ತರಿಸಿದ ಹಾಗೆ ನಿಂತಿತು.

ಗೋಡೌನಿನ ಮೇಲೆ ಪಾರಿವಾಳ ಗುಟುರು ಹಾಕುವುದು ಕೇಳಿಸಿತು.

"ಇನ್ನೊಂದು ಸಲ ಮಾಡಿ" ಅಂದಳು ಮಗಳು. ಒಂದು ಹಲ್ಲು ಎಳೆದೆವು, ಬಂತು. ಇಳಿಸಿದೆವು, ಹೋಯಿತು. ಇನ್ನೊಂದು ಸಲ ಅಂದಳು. ಮಾಡಿದೆವು. ಆಮೇಲೆ ಅವಳೇ ಹಿಂದಿನಿಂದ ಬಗ್ಗಿ ಕೈ ಹಾಕಿ ಎಳೆದು ಇಳಿಸಿ ನೋಡಿದಳು. ನಗಲು ಶುರು ಮಾಡಿದಳು. ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ, ಉಸಿರು ಕಟ್ಟಿಕೊಂಡು. ನನಗೂ ನಗು ಬಂತು, ಇವರಿಗೂ. ಕಾರು ನಿಲ್ಲಿಸಬೇಕಾಯಿತು.

ನಗು ಮುಗಿದ ಮೇಲೆ ಅಪ್ಪನ ಕೈ ಎಳೆದುಕೊಂಡು ಹೆಬ್ಬೆರಳು ಮುಟ್ಟಿ ನೋಡಿದಳು. ಬುಡದಲ್ಲಿ ಊದಿದೆ. ಎಷ್ಟು ದಿನದಿಂದ ಅಂತ ಕೇಳಿದಳು. ಇವರು ಅಂಗಡಿ ಮುಚ್ಚಿಸಬೇಡ ಅಂದರು. ಅಷ್ಟೇ ಅಂದರು. ಅವಳ ಕಣ್ಣು ತುಂಬಿತು.

ಕಾರು ನಿಂತಲ್ಲಿಂದಲೇ ಆ ಸಹೋದ್ಯೋಗಿಗೆ ಫೋನು ಮಾಡಿ ಬರಬೇಡಿ ಅಂದಳು. ಯಾಕೆ, ಬೇರೆಯವರಿಗೆ ಮಾರಿದಿರಾ ಅಂತ ಅವನು ಕೇಳಿರಬೇಕು.

"ಇಲ್ಲ, ನಮ್ಮಮ್ಮಂಗೆ ಕಾರು ಬೇಕು" ಅಂದಳು.

ಈ ವಾಕ್ಯವನ್ನು ಇನ್ನೊಂದು ಸಲ ಬರೆಯಬೇಕು ಅನ್ನಿಸುತ್ತಿದೆ. ನಮ್ಮಮ್ಮಂಗೆ ಕಾರು ಬೇಕು.

ಗೆದ್ದೆ. ಎಲ್ಲರಿಗೂ ಕೇಳುವ ಹಾಗೆ ಗೆದ್ದೆ. ಇವರು ಸೋತಿದ್ದರೆ ಈ ಗೆಲುವು ನನಗೆ ಬೇಕಿರಲಿಲ್ಲ, ಆದರೆ ಇವರೂ ಸೋಲಲಿಲ್ಲ. ಮಧ್ಯಾಹ್ನ ಊಟಕ್ಕೆ ಕೇಳಿ ಕೇಳಿ ಎರಡನೇ ಸಲ ಬಡಿಸಿಕೊಂಡರು. ಈಗ ಗೊರಕೆ ಹೊಡೆಯುತ್ತಿದ್ದಾರೆ.

ಮಾರ್ಚ್ 25, ಮಂಗಳವಾರ

ಮೂಳೆ ಡಾಕ್ಟರು ನೋಡಿದರು. ಹೆಬ್ಬೆರಳ ಬುಡದ ಕೀಲು ಸವೆದಿದೆಯಂತೆ. ಆಯುಷ್ಯವಿಡೀ ಕತ್ತರಿ ಹಿಡಿದ ಕೈ, ಸವೆಯದೆ ಏನು ಮಾಡುತ್ತೆ. ಒಂದು ಪಟ್ಟಿ ಕಟ್ಟಿದ್ದಾರೆ, ಬಿಸಿನೀರಿನಲ್ಲಿ ಕೈ ಇಡಲು ಹೇಳಿದ್ದಾರೆ. ದಪ್ಪ ಬಟ್ಟೆ ಕೈಕತ್ತರಿಯಲ್ಲಿ ಕತ್ತರಿಸುವ ಹಾಗಿಲ್ಲ. ಮಗಳು ಕರೆಂಟಿನ ಕತ್ತರಿ ತರಿಸಿಕೊಟ್ಟಳು. ಇವರು ಮೊದಲು ಅದನ್ನು ಹಾವು ನೋಡಿದ ಹಾಗೆ ನೋಡಿದರು. ಸಂಜೆ ಹೊತ್ತಿಗೆ ಹಾಲ್‌ನವರ ಬಟ್ಟೆ ಮತ್ತೆ ಕತ್ತರಿಸಿ ಮುಗಿಸಿದ್ದರು. ನೇರ. ಸ್ಕೇಲು ಇಟ್ಟು ನೋಡಿದೆ. ಕೂದಲೆಳೆ ವ್ಯತ್ಯಾಸ ಇಲ್ಲ. ಅವತ್ತು ಅಂದಿದ್ದಕ್ಕೆ ತಪ್ಪಾಯಿತು ಕಣ್ರೀ ಅಂದೆ. "ಯಾವತ್ತು?" ಅಂದರು. ನೆನಪಿದೆ ಇವರಿಗೆ, ನನಗೆ ಗೊತ್ತು.

ಗ್ಯಾರೇಜಿಗೂ ಹೋದೆವು, ಇಬ್ಬರೂ. ವಿಷಯ ಪೂರ್ತಿ ಕೇಳಿ ಮೆಕ್ಯಾನಿಕ್ ತಲೆ ಕೆರೆದುಕೊಂಡ. ಬಟನ್ ಬಿಚ್ಚಿ ತುಕ್ಕು ತೆಗೆದು ಮೆದು ಸ್ಪ್ರಿಂಗ್ ಹಾಕಿದ, ಕೇಬಲ್ ಸ್ವಲ್ಪ ಸಡಿಲ ಬಿಟ್ಟ, ಡ್ಯಾಶ್‌ಬೋರ್ಡಿನ ಕೆಂಪು ದೀಪವೂ ಹತ್ತಿತು. ನಾನು ಕೇಳಿದ್ದೆ ಅಕ್ಕ, ನೀವು ಬೈದಿರಿ ಅಂದ. ನಿಜ. ಹ್ಯಾಂಡ್‌ಬ್ರೇಕ್ ಅಂತ ಮೊದಲು ಹೇಳಿದವನು ಅವನೇ. ಅರ್ಧ ಶಭಾಸ್ ಕೊಟ್ಟೆ, ಇನ್ನರ್ಧ ನನ್ನ ಹತ್ತಿರ ಇಟ್ಟುಕೊಂಡೆ.

ಮಂತ್ರಿಗಳು ರಾಜೀನಾಮೆ ಕೊಡಲು ಬಂದಿದ್ದರು. ತಗೊಳ್ಳಲಿಲ್ಲ. ಬಟನ್ ನನ್ನದು, ಎಳೆದು ಇಳಿಸುವುದು ಅವರದು. ಎರಡು ಕೈಯ ಸರ್ಕಾರ. ಇವತ್ತು ಒಮ್ಮೆಯೂ ತಪ್ಪಲಿಲ್ಲ.

ಏಪ್ರಿಲ್ 2, ಬುಧವಾರ, ಬೆಳಿಗ್ಗೆ

ಹಾಲ್‌ನವರ ಪರದೆ ಸೋಮವಾರ ತೂಗುಹಾಕಿ ಬಂದೆವು. ಅಷ್ಟೆತ್ತರದ ಕಿಟಕಿ, ಅಂಚು ನೆಲಕ್ಕೆ ಸಮ. ಅವರ ಸಮುದಾಯ ಭವನದ ಇನ್ನೊಂದು ಮಹಡಿಯೂ ನಮಗೇ ಕೊಟ್ಟಿದ್ದಾರೆ. ಇವರು ಏಣಿ ಹಿಡಿದುಕೊಂಡೇ ಹೂಂ ಅಂದುಬಿಟ್ಟರು, ನನ್ನನ್ನು ಕೇಳದೆ. ಅಡ್ಡಿಯಿಲ್ಲ.

ಈಗ ಮಗಳ ಫೋನು. ಮೊದಲು ಅಪ್ಪನ ಕೈ ಹೇಗಿದೆ, ಊಟ ಆಯಿತಾ, ಎಲ್ಲಾ ಕೇಳಿದಳು. ಹೇಳಬೇಕಾದ್ದನ್ನು ಸುತ್ತಿ ಬಳಸಿ ಬರುವುದು ಅವಳ ಅಭ್ಯಾಸ, ಕಾದೆ.

"ಅಮ್ಮಾ, ನನ್ನ ಕಾರಲ್ಲಿ ಏನೋ ಸದ್ದು ಬರ್ತಿದೆ. ತಿರುಗಿಸಿದಾಗ ಮಾತ್ರ. ನಮ್ಮ ಮನೇಲಿ ಯಾರಿಗೂ ಕೇಳಿಸ್ತಿಲ್ಲ, ನನಗೆ ಒಬ್ಬಳಿಗೇ."

ನಗಲಿಲ್ಲ ನಾನು. ಬಹಳ ಕಷ್ಟಪಟ್ಟೆ. ಎಡಕ್ಕೆ ತಿರುಗಿಸಿದಾಗಲೋ ಬಲಕ್ಕೋ, ನಿಧಾನಕ್ಕೋ ಜೋರಿಗೋ, ಪಕ್ಕದಲ್ಲಿ ಯಾರು ಕೂತಿರುತ್ತಾರೆ, ಎಲ್ಲಾ ವಿಚಾರಿಸಿದೆ. ಒಂದೊಂದಕ್ಕೂ ಯೋಚನೆ ಮಾಡಿ ಉತ್ತರ ಕೊಟ್ಟಳು, ಪರೀಕ್ಷೆಗೆ ಕೂತವಳ ಹಾಗೆ. ಫೋನಿನಲ್ಲಿ ಹೇಳಲು ಆಗಲ್ಲ, ಕೇಳಬೇಕು, ನಾವೇ ಬರ್ತೀವಿ ಅಂದೆ. ಊರಾಚೆ ಅವಳ ಮನೆ, ದೊಡ್ಡ ರಸ್ತೆ ದಾಟಿ ಹೋಗಬೇಕು. ವರ್ಷದಿಂದ ಈಚೆಗೆ ಬರ್ತೀವಿ ಅಂದಾಗಲೆಲ್ಲಾ ಬೇಡ, ನಾನೇ ಬಂದು ಕರ್ಕೊಂಡು ಹೋಗ್ತೀನಿ ಅನ್ನುತ್ತಿದ್ದವಳು.

"ಎಷ್ಟೊತ್ತಿಗೆ ಬರ್ತೀಯ?" ಅಂದಳು. ಅಷ್ಟೇ ಕೇಳಿದಳು.

ಹೇಗೆ ಬರ್ತೀರಿ ಅಂತ ಕೇಳಲಿಲ್ಲ. ಹುಷಾರು ಅಂತಲೂ ಅನ್ನಲಿಲ್ಲ. ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.

ಇವರು ಆಗಲೇ ಗೇಟು ತೆಗೆದಾಯಿತು. ಅವಳು ಹೇಳಿದ್ದೆಲ್ಲಾ ಕೂಗಿ ಹೇಳಿದೆ, ಹೂಂ ಅಂದರು. ತಿರುಗಿಸಿದಾಗ ಮಾತ್ರ ಅಂದರೆ ಮುಂದಿನ ಚಕ್ರದ ಕಡೆಯದೇ ಇರಬೇಕು, ಆದರೆ ಎಡಕ್ಕೆ ಮಾತ್ರ ಅಂದಳಲ್ಲ, ಹಾಗಾದರೆ ಅದು —

ಹಾರ್ನ್ ಹೊಡೆಯುತ್ತಿದ್ದಾರೆ. ಬಂದೆ ಬಂದೆ, ಇನ್ನೊಂದು ಸಾಲು ಬರೆದು